ಕಪ್ಪು ಪಾಲಿಶಿನ ಬ್ರಷ್

ನನ್ನ ಸೇವಾ ದಾಖಲೆಯಲ್ಲಿ ಅತ್ಯಂತ ಒಳ್ಳೆಯ ಷರಾ ಬಿದ್ದದ್ದು ಮೂರನೆಯ ವರ್ಷದಲ್ಲಿ. ‘ಶಿಸ್ತಿನ ಸೈನಿಕ. ಮಿತಭಾಷಿ. ಯಾವುದೇ ದೂರು ಇಲ್ಲ.’ ಆಗ ನನಗೆ 22 ವರ್ಷ. ಅದೇ ವರ್ಷ ನಾನು ದಿನವೂ ನಸುಕಿನ ಮೂರಕ್ಕೆ ಎಚ್ಚರಗೊಂಡು, ಬ್ಯಾರಕ್ಕಿನ ತಗಡಿನ ಸೂರಿನಲ್ಲಿದ್ದ ಏಣುಗಳನ್ನು ಎಣಿಸುತ್ತ ಮಲಗಿರುತ್ತಿದ್ದೆ. ನನ್ನ ಮಂಚದಿಂದ ಬಾಗಿಲಿನವರೆಗೆ 46 ಏಣು. ಮರೆಯೋಣವೆಂದರೂ ಆ ಸಂಖ್ಯೆ ಮರೆಯುತ್ತಿಲ್ಲ.

ಷರಾ ಬರೆದ ಅಧಿಕಾರಿ ಸುಳ್ಳು ಬರೆಯಲಿಲ್ಲ, ಕಂಡದ್ದನ್ನೇ ಬರೆದರು. ಐದಕ್ಕೆ ಶಿಳ್ಳೆ ಬಿದ್ದಾಗ ನಾನು ಮಂಚದ ಪಕ್ಕದಲ್ಲಿ ನಿಂತಿರುತ್ತಿದ್ದೆ. ಕಂಬಳಿಯ ಅಂಚು ಗೆರೆ ಎಳೆದಂತೆ ಇರುತ್ತಿತ್ತು. ಓಟ, ಕವಾಯತು, ರೋಲ್ ಕಾಲ್, ಊಟ, ಗಸ್ತು, ಒಂದಕ್ಕೂ ತಡವಾದವನಲ್ಲ. ಖಿನ್ನತೆ ಮನುಷ್ಯನಿಂದ ಮೊದಲು ಕಸಿದುಕೊಳ್ಳುವುದು ಇಚ್ಛೆಯನ್ನು ಎಂದು ಆಮೇಲೆ ತಿಳಿಯಿತು. ಏಳಬೇಕೇ ಬೇಡವೇ, ಏನು ತೊಡಬೇಕು, ಎತ್ತ ಹೋಗಬೇಕು ಎಂದು ತೀರ್ಮಾನಿಸುವುದೇ ಒಂದು ಮೂಟೆ ಹೊತ್ತಂತೆ ಆಗುತ್ತದೆ. ಆದರೆ ಬ್ಯಾರಕ್ಕಿನಲ್ಲಿ ಸಿಪಾಯಿಯನ್ನು ಅದನ್ನೆಲ್ಲ ಯಾರು ಕೇಳುತ್ತಾರೆ? ನಾಳೆಯ ಇಡೀ ದಿನ ಹಿಂದಿನ ಸಂಜೆಯೇ ಫಲಕದ ಮೇಲೆ ಬರೆದಿರುತ್ತದೆ. ಇದೇ ಕಾಯಿಲೆ ಹೊರಗಿನವನಿಗೆ ಬಂದರೆ ಅವನು ಗಡ್ಡ ಬಿಡುತ್ತಾನೆ, ಸ್ನಾನ ಬಿಡುತ್ತಾನೆ, ಕೆಲಸಕ್ಕೆ ಹೋಗುವುದನ್ನು ಬಿಡುತ್ತಾನೆ, ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಾನೆ. ನನ್ನ ಗಲ್ಲ ಪ್ರತಿದಿನ ನುಣ್ಣಗಿತ್ತು. ಬೂಟಿನಲ್ಲಿ ಮುಖ ಕಾಣುತ್ತಿತ್ತು. ಆ ಮುಖವನ್ನು ನಾನೇ ಸರಿಯಾಗಿ ನೋಡಲಿಲ್ಲ, ಇನ್ನು ಬೇರೆಯವರನ್ನು ಏನೆನ್ನಲಿ.

ಬೂಟಿನ ಮಾತು ಬಂತಲ್ಲ, ಬ್ರಷ್ಷಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕುದುರೆ ಕೂದಲಿನ, ಮರದ ಹಿಡಿಯ ಬ್ರಷ್. ತರಬೇತಿ ಮುಗಿದ ವಾರ ಮೊದಲ ಸಂಬಳದ ಉಳಿಕೆಯಲ್ಲಿ ಕೊಂಡದ್ದು. ಅದು ಕಪ್ಪು ಪಾಲಿಶಿಗೆ ಮಾತ್ರ. ಕಂದು ಪಾಲಿಶಿನ ಡಬ್ಬಿಯ ಹತ್ತಿರಕ್ಕೂ ಅದನ್ನು ಒಯ್ಯುತ್ತಿರಲಿಲ್ಲ. ನನ್ನ ಕ್ರಮವೂ ಹಾಗೆಯೇ ಕಟ್ಟುನಿಟ್ಟು: ಹಳೆಯ ಬನಿಯನ್ನಿನ ಚೂರನ್ನು ತೋರುಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಪಾಲಿಶನ್ನು ಚಿಕ್ಕ ಚಿಕ್ಕ ಸುತ್ತುಗಳಲ್ಲಿ ತೊಗಲಿಗೆ ಕುಡಿಸಬೇಕು. ಒಣಗಲು ಬಿಡಬೇಕು. ಆಮೇಲೆ ಬ್ರಷ್, ಒತ್ತಿ ಅಲ್ಲ, ಕೂದಲಿನ ತುದಿ ತಾಗುವಷ್ಟು. ಕೊನೆಗೆ ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಹನಿ ನೀರು, ಮತ್ತೆ ಬಟ್ಟೆ. ಕೇಳದೆ ಯಾರಾದರೂ ಬ್ರಷ್ ಮುಟ್ಟಿದರೆ ಜಗಳವೇ. ಪಕ್ಕದ ಮಂಚದವನು ಅದನ್ನು ‘ನಿನ್ನ ಮನೆದೇವರು’ ಎಂದು ಕರೆಯುತ್ತಿದ್ದ.

ಪಕ್ಕದ ಮಂಚದವನ ಹೆಸರು ಇಲ್ಲಿ ಬರೆಯುವುದಿಲ್ಲ. ಅವನಿಗೆ ಅದು ಇಷ್ಟವಾಗುವುದಿಲ್ಲ. ನನಗಿಂತ ಎರಡು ವರ್ಷ ಹಿರಿಯ, ಮಾತಿನಲ್ಲಿ ಒರಟ, ನಿದ್ದೆಯಲ್ಲಿ ಗೊರಕೆ.

ರಾತ್ರಿಯ ಪಹರೆಯಲ್ಲಿ ಎರಡರಿಂದ ನಾಲ್ಕರ ಪಾಳಿ ಯಾರಿಗೂ ಬೇಡ. ಮಲಗಿದ ಮೇಲೆ ಏಳಬೇಕು, ಎದ್ದ ಮೇಲೆ ಮತ್ತೆ ಮಲಗಲು ಹೊತ್ತು ಉಳಿದಿರುವುದಿಲ್ಲ. ಆ ಪಾಳಿಯನ್ನು ನಾನು ಕೇಳಿ ಪಡೆಯತೊಡಗಿದೆ. ಎಲ್ಲರೂ ನನ್ನದು ದೊಡ್ಡ ಮನಸ್ಸು ಎಂದುಕೊಂಡರು. ಹೇಗೂ ಎಚ್ಚರವಿರುತ್ತಿದ್ದೆನಲ್ಲ, ಮಂಚದ ಮೇಲೆ ಎಚ್ಚರವಾಗಿರುವುದಕ್ಕಿಂತ ಗೋಪುರದ ಮೇಲೆ ಎಚ್ಚರವಾಗಿರುವುದು ಮೇಲು, ಅಲ್ಲಿ ಅದಕ್ಕೊಂದು ಕಾರಣವಿತ್ತು. ತೊಂದರೆಯಾಗಿದ್ದು ಸಂಕೇತಪದದಿಂದ. ಕತ್ತಲಲ್ಲಿ ಬಂದವನು ನಮ್ಮವನೇ ಎಂದು ತಿಳಿಯಲು ಪ್ರತಿ ರಾತ್ರಿ ಹೊಸದಾಗಿ ಕೊಡುವ ಎರಡು ಪದ. ಹೇಳಿ ಹತ್ತು ನಿಮಿಷಕ್ಕೆ ನನ್ನ ತಲೆಯಿಂದ ಮಾಯ. ಕಳ್ಳತನದಿಂದ ಎಡಗೈ ಗಡಿಯಾರದ ಪಟ್ಟಿಯ ಅಡಿಯಲ್ಲಿ ಪೆನ್ನಿನಿಂದ ಬರೆದುಕೊಳ್ಳತೊಡಗಿದೆ. ಸಿಕ್ಕಿಬಿದ್ದಿದ್ದರೆ ಶಿಕ್ಷೆಯಾಗುತ್ತಿತ್ತು, ಆಗಬೇಕಾದದ್ದೇ. ಗಮನ ಹಿಡಿತಕ್ಕೆ ಸಿಗದಿರುವುದು ಈ ಕಾಯಿಲೆಯ ಲಕ್ಷಣಗಳಲ್ಲಿ ಒಂದು ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ. ನಾನು ದಡ್ಡನಾಗುತ್ತಿದ್ದೇನೆ ಎಂದುಕೊಂಡೆ.

ಅಳುತ್ತಿದ್ದೆಯಾ ಎಂದು ಕೇಳುವವರಿದ್ದಾರೆ. ಇಲ್ಲ. ವಾಲಿಬಾಲ್ ಆಡುತ್ತಿದ್ದೆ. ಬಲೆಯ ಬಳಿ ನಿಂತು ಎದುರಾಳಿಯ ಹೊಡೆತವನ್ನು ತಡೆಯುವುದು ನನಗೆ ಹಿಂದೆ ಹುಚ್ಚು ಹಿಡಿಸಿದ ಆಟ. ಈಗಲೂ ಜಿಗಿಯುತ್ತಿದ್ದೆ, ತಡೆಯುತ್ತಿದ್ದೆ, ಪಾಯಿಂಟ್ ಬರುತ್ತಿತ್ತು. ಆದರೆ ಆ ಚೆಂಡು ಯಾರದೋ ಕಡತ ನನ್ನ ಮೇಜಿಗೆ ಬಂದಂತೆ ಬರುತ್ತಿತ್ತು, ನಾನು ರುಜು ಹಾಕಿ ಆಚೆ ಕಳಿಸುತ್ತಿದ್ದೆ. ಮೆಸ್ಸಿನಲ್ಲಿ ಯಾರಾದರೂ ತಮಾಷೆ ಮಾಡಿದರೆ ಉಳಿದವರ ಮುಖ ನೋಡಿಕೊಂಡು ಅರ್ಧ ಕ್ಷಣ ತಡವಾಗಿ ನಗುತ್ತಿದ್ದೆ. ಅನ್ನಕ್ಕೆ ರುಚಿ ಇಲ್ಲವೆಂದು ಅಡುಗೆಯವನನ್ನು ದೂರಲೂ ಆಗಲಿಲ್ಲ, ಉಪ್ಪು ಸರಿಯಾಗಿತ್ತು. ಕತ್ತಿನ ಹಿಂಭಾಗ ನೋಯುತ್ತಿತ್ತು. ಮೂರು ಸಲ ಚಿಕಿತ್ಸಾ ಕೊಠಡಿಗೆ ಹೋಗಿ ನೋವಿನ ಮಾತ್ರೆ ತಂದೆ. ಮೂರೂ ಸಲ ಕತ್ತಿನ ನೋವು ಎಂದೇ ಪುಸ್ತಕದಲ್ಲಿ ಬರೆಸಿದೆ.

ಅಮ್ಮನಿಗೆ ಭಾನುವಾರ ಫೋನ್ ಮಾಡುವ ಮೊದಲು ಅಂಗೈಯಲ್ಲಿ ಮೂರು ಪದ ಬರೆದುಕೊಳ್ಳುತ್ತಿದ್ದೆ. ‘ಮಳೆ, ಆಟ, ಹೊಸ ಬೂಟು.’ ಒಂದೊಂದಕ್ಕೂ ಒಂದೊಂದು ನಿಮಿಷ ಮಾತು. ಮಧ್ಯೆ ಅವಳು ‘ಊಟ ಮಾಡಿದೆಯಾ?’ ಎಂದರೆ ಅದೊಂದು ಅರ್ಧ ನಿಮಿಷ. ಕೊನೆಗೆ ‘ಪಾಳಿಗೆ ಹೊತ್ತಾಯಿತು’ ಎಂದು ಇಡುವುದು. ಒಂದು ಸಲ ಬೆವರಿಗೆ ಅಂಗೈಯ ಶಾಯಿ ಅಳಿಸಿಹೋಗಿ ಎರಡನೆಯ ಪದ ಓದಲಾಗಲಿಲ್ಲ. ಸುಮ್ಮನೆ ನಿಂತೆ. ಅವಳೂ ಸುಮ್ಮನಾದಳು. ‘ಲೈನ್ ಕಟ್ ಆಗಿದೆಯೇನೋ’ ಎಂದು ಆ ಕಡೆ ಅಪ್ಪನಿಗೆ ಹೇಳುವುದು ಕೇಳಿಸಿತು. ನಾನು ಹಾಗೆಯೇ ಆಗಲಿ ಎಂದು ಫೋನ್ ಇಟ್ಟೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ನಾನು ಯುದ್ಧ ನೋಡಿದವನಲ್ಲ. ನಮ್ಮ ಠಾಣೆಯಲ್ಲಿ ಆ ವರ್ಷ ಒಂದು ಗುಂಡೂ ಹಾರಲಿಲ್ಲ, ಅಭ್ಯಾಸದ ಮೈದಾನದಲ್ಲಿ ಹಾರಿದ್ದನ್ನು ಬಿಟ್ಟರೆ. ಗೆಳೆಯನನ್ನು ಕಳೆದುಕೊಂಡಿರಲಿಲ್ಲ, ಪ್ರೇಮ ಮುರಿದಿರಲಿಲ್ಲ, ಮನೆಯಲ್ಲಿ ಸಾಲವಿರಲಿಲ್ಲ. ರಣರಂಗದಿಂದ ಬಂದವನು ಕುಸಿದರೆ ಜನ ಗೌರವದಿಂದ ತಲೆಬಾಗುತ್ತಾರೆ. ಏನೂ ಆಗದವನು ಕುಸಿದರೆ? ನನ್ನ ದುಃಖಕ್ಕೆ ನನ್ನ ಬಳಿ ರಸೀದಿ ಇರಲಿಲ್ಲ. ಸೈನಿಕನ ಮನಸ್ಸು ಕೆಡುವುದು ಗುಂಡಿನ ಸದ್ದಿನಿಂದ ಮಾತ್ರ ಎಂದು ಹೊರಗಿನವರಿಗಿಂತ ನಾವೇ ಗಟ್ಟಿಯಾಗಿ ನಂಬಿದ್ದೆವು.

ಅದು ನಿಜವಲ್ಲ ಎಂದು ನಂತರ ಓದಿ ತಿಳಿದೆ. 2001ರಿಂದ 2007ರ ನಡುವೆ ಅಮೆರಿಕದ ಸೇನೆಗಳಲ್ಲಿದ್ದ ಸುಮಾರು 39 ಲಕ್ಷ ಮಂದಿಯ ದಾಖಲೆಗಳನ್ನು ಪರಿಶೀಲಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಯುದ್ಧಭೂಮಿಗೆ ನಿಯೋಜನೆಗೊಂಡದ್ದಕ್ಕೂ ಆತ್ಮಹತ್ಯೆಗೂ ನೇರ ಸಂಬಂಧ ಅದರಲ್ಲಿ ಕಾಣಲಿಲ್ಲ. ಹೋಗದೆ ಉಳಿದವರೂ ಸುರಕ್ಷಿತರಾಗಿರಲಿಲ್ಲ. ಅದನ್ನು ಓದಿದ ದಿನ ನನಗೆ ಆದದ್ದು ಸಮಾಧಾನವೋ ಸಂಕಟವೋ ಹೇಳಲಾರೆ. ಯಾರೋ ನನ್ನ ರಸೀದಿಯನ್ನು ತಂದು ಕೈಗಿಟ್ಟಂತಾಯಿತು.

ಆ ವರ್ಷ ನನಗೆ ಹದಿನೈದು ದಿನದ ರಜೆ ಸಿಕ್ಕಿತು. ಎಲ್ಲ ಬಯಲಾದದ್ದು ಅಲ್ಲಿ.

ಮನೆಯಲ್ಲಿ ಶಿಳ್ಳೆ ಇರಲಿಲ್ಲ. ಫಲಕ ಇರಲಿಲ್ಲ. ಮೊದಲ ಬೆಳಗ್ಗೆ ಎದ್ದು ಮಂಚದ ಅಂಚಿನಲ್ಲಿ ಕುಳಿತು ಒಂದು ಕಾಲುಚೀಲ ಹಾಕಿಕೊಂಡೆ. ಇನ್ನೊಂದು ಕೈಯಲ್ಲಿತ್ತು. ಅದನ್ನು ಹಾಕಿಕೊಳ್ಳುವುದು ಏತಕ್ಕೆ ಎಂದು ಯೋಚನೆ ಬಂತು. ಹೊರಗೆ ಹೋಗುವುದಕ್ಕೆ. ಹೊರಗೆ ಏತಕ್ಕೆ? ಅಮ್ಮ ಕೋಣೆಯೊಳಗೆ ಬಂದು ಕಿಟಕಿ ತೆರೆದು ಹೋದಳು. ಬಿಸಿಲು ನೆಲದ ಮೇಲಿನ ಒಂದು ಚೌಕದಿಂದ ಇನ್ನೊಂದಕ್ಕೆ ಸರಿಯಿತು. ಮತ್ತೆ ಅವಳು ಬಂದಾಗ ಊಟದ ಹೊತ್ತಾಗಿತ್ತು, ಕಾಲುಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು. ‘ಪಾಪ, ಎಷ್ಟು ದಣಿದಿದ್ದಾನೆ ನೋಡಿ, ಮಲಗಲಿ ಬಿಡಿ’ ಎಂದು ಹೊರಗೆ ಹೇಳುವುದು ಕೇಳಿಸಿತು. ನಾಲ್ಕು ಗಂಟೆ ಒಂದು ಕಾಲುಚೀಲ ಹಿಡಿದು ಕುಳಿತವನನ್ನು ಏನೆಂದು ತಿಳಿಯಬೇಕೆಂದು ಅವಳಿಗೆ ಯಾರು ಕಲಿಸಿದ್ದರು?

ಉಳಿದ ದಿನಗಳನ್ನು ಬೇಗ ಹೇಳಿಬಿಡುತ್ತೇನೆ, ಹೇಳಲು ಹೆಚ್ಚೇನೂ ಇಲ್ಲ. ಅಪ್ಪ ನನ್ನನ್ನು ನೆಂಟರ ಮನೆಗಳಿಗೆ ಕರೆದೊಯ್ದರು. ಸಮವಸ್ತ್ರದಲ್ಲಿ ಬಾ ಎಂದರು, ನಾನು ಒಲ್ಲೆ ಎಂದೆ, ಅವರಿಗೆ ಬೇಸರವಾಯಿತು. ಅಕ್ಕನ ಮಗ, ಆರು ವರ್ಷದವನು, ‘ಮಾಮಾ, ಎಷ್ಟು ಜನರನ್ನು ಹೊಡೆದಿದ್ದೀಯಾ?’ ಎಂದು ಕೇಳಿದ. ಯಾರನ್ನೂ ಇಲ್ಲ ಎಂದಾಗ ಅವನ ಮುಖದಲ್ಲಿ ಕಂಡ ನಿರಾಸೆ ನೆನಪಿದೆ. ರಜೆ ಮುಗಿಯಲು ನಾಲ್ಕು ದಿನ ಇರುವಾಗಲೇ ಹೊರಟುಬಿಟ್ಟೆ. ಕರ್ತವ್ಯದ ಕರೆ ಬಂದಿದೆ ಎಂದು ಸುಳ್ಳು ಹೇಳಿದೆ. ನನಗೆ ಶಿಳ್ಳೆ ಬೇಕಾಗಿತ್ತು.

ಮರಳಿದ ಮೇಲೆ ಶಿಳ್ಳೆಯೂ ಸಾಲದಾಯಿತು. ಮನೆಯಲ್ಲಿ ನನ್ನನ್ನು ನಾನು ನೋಡಿಬಿಟ್ಟಿದ್ದೆ. ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಎಂಬ ಮಾತು ಮೊದಲು ಅಪರೂಪಕ್ಕೆ, ಆಮೇಲೆ ಗಂಟೆಗೊಮ್ಮೆ ತಲೆಯಲ್ಲಿ ಸುಳಿಯತೊಡಗಿತು. ಅದು ನನ್ನದೇ ದನಿಯಲ್ಲಿ, ಬಹಳ ವಿವೇಕದಿಂದ, ಲೆಕ್ಕ ಒಪ್ಪಿಸುವವನಂತೆ ಮಾತನಾಡುತ್ತಿತ್ತು. ಸುಳ್ಳೆಂದು ಗುರುತಿಸಲು ಅದಕ್ಕೇ ಕಷ್ಟವಾಯಿತು.

ಆ ವಾರ ನಾನು ಟ್ರಂಕು ಓರಣ ಮಾಡಿದೆ. ಟಾರ್ಚನ್ನು ಒಬ್ಬನಿಗೆ ಕೊಟ್ಟೆ. ಉಗುರು ಕತ್ತರಿ ಇನ್ನೊಬ್ಬನಿಗೆ. ಅಕ್ಕ ಕೊಟ್ಟ ಗಡಿಯಾರವನ್ನು ‘ನನಗೆ ಪಟ್ಟಿ ಚುಚ್ಚುತ್ತದೆ’ ಎಂದು ಮತ್ತೊಬ್ಬನಿಗೆ. ಎಲ್ಲರೂ ತೆಗೆದುಕೊಂಡರು. ಬಿಟ್ಟಿ ಸಿಕ್ಕಿದರೆ ಯಾರು ಬೇಡ ಎನ್ನುತ್ತಾರೆ? ಕೊನೆಗೆ ಬ್ರಷ್ ಪಕ್ಕದ ಮಂಚದವನಿಗೆ.

ಅವನು ಬ್ರಷ್ಷನ್ನು ತಿರುಗಿಸಿ ನೋಡಿದ. ‘ಕಂದು ಬೂಟಿಗೆ ಹಾಕಬಹುದೇ?’ ಎಂದ.

‘ಯಾವುದಕ್ಕೆ ಬೇಕಾದರೂ ಹಾಕಿಕೋ’ ಎಂದೆ.

ಅವನು ಮರುಮಾತಾಡಲಿಲ್ಲ. ರಾತ್ರಿ ದೀಪ ಆರಿದ ಮೇಲೆ ಅವನ ಗೊರಕೆ ಕೇಳಿಸಲಿಲ್ಲ. ತುಸು ಹೊತ್ತಿನ ನಂತರ ಕತ್ತಲಲ್ಲಿಯೇ, ಉಪ್ಪು ಇತ್ತ ಸರಿಸು ಎಂದು ಕೇಳುವ ದನಿಯಲ್ಲಿ ಕೇಳಿದ: ‘ಸಾಯುವ ಯೋಚನೆ ಬರುತ್ತಿದೆಯಾ?’

ನಾನು ಏಣು ಎಣಿಸುತ್ತಿದ್ದೆ. 19ಕ್ಕೆ ಬಂದಿದ್ದೆ. ‘ಹೌದು’ ಎಂದೆ. ಸುಳ್ಳು ಹೇಳಬಹುದಾಗಿತ್ತು, ಸುಳ್ಳು ಹೇಳಲು ಬೇಕಾದ ಆಸಕ್ತಿ ಇರಲಿಲ್ಲ.

‘ನಾಳೆ ಸಿಕ್ ರಿಪೋರ್ಟಿಗೆ ಹೆಸರು ಕೊಡೋಣ. ಇಬ್ಬರದೂ. ನನಗೆ ಬೆನ್ನು ನೋವು. ನಿನಗೇನೆಂದು ನೀನೇ ಹೇಳು. ಕತ್ತು ನೋವು ಎಂದರೆ ನೋಡು ಮತ್ತೆ’ ಎಂದ. ಅಷ್ಟೇ. ಬೆಳಗಾಗುವವರೆಗೆ ಅವನು ಮಲಗಲಿಲ್ಲ, ನನಗೆ ಗೊತ್ತು. ಆ ರಾತ್ರಿ ಗೊರಕೆ ಇರಲೇ ಇಲ್ಲ.

ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ ಎಂದು ವೈದ್ಯರು ನಂತರ ನನಗೆ ಹೇಳಿದರು, ಇದನ್ನು ಅಧ್ಯಯನಗಳೂ ಹೇಳುತ್ತವೆ. ವಸ್ತುಗಳನ್ನು ಹಂಚುವುದು ಎಚ್ಚರಿಕೆಯ ಲಕ್ಷಣ ಎಂಬುದೂ ಪಕ್ಕದ ಮಂಚದವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ, ಆ ಬ್ರಷ್ಷನ್ನು ಕಂದು ಬೂಟಿಗೆ ಹಾಕಿಕೋ ಎಂದು ನಾನು ಹೇಳುವವನಲ್ಲ.

ವೈದ್ಯಾಧಿಕಾರಿ ನಡುವಯಸ್ಸಿನವರು. ಅವರು ಬೆನ್ನು ನೋವಿನವನಿಗೆ ಮಾತ್ರೆ ಬರೆದುಕೊಟ್ಟು ಹೊರಗೆ ಕೂರಿಸಿದರು. ನನ್ನ ಮುಂದೆ ಒಂದು ಹಾಳೆ ಇಟ್ಟರು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆಯೇ ಕೀಳು ಭಾವನೆ, ಗಮನ, ಚಲನೆ ನಿಧಾನವಾಗುವುದು ಅಥವಾ ಚಡಪಡಿಕೆ, ಕೊನೆಯದು ಸಾವಿನ ಯೋಚನೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. 2001ರಿಂದ ಪ್ರಪಂಚದ ಎಷ್ಟೋ ಆಸ್ಪತ್ರೆಗಳಲ್ಲಿ ಬಳಸುತ್ತಿರುವ ಹಾಳೆ ಅದು, ಪಿಎಚ್‌ಕ್ಯೂ-9 ಎಂದು ಕರೆಯುತ್ತಾರೆ. ನನ್ನದು 18 ಬಂತು. ಶಾಲೆಯಲ್ಲಿ ಗಣಿತಕ್ಕೂ ಅಷ್ಟು ಬಂದಿರಲಿಲ್ಲ ಎಂದು ಬಾಯಿಗೆ ಬಂತು, ಹೇಳಲಿಲ್ಲ.

ಹಾಳೆಯೊಂದೇ ರೋಗವನ್ನು ತೀರ್ಮಾನಿಸುವುದಿಲ್ಲ ಎಂದು ಅವರು ಬಹಳ ಹೊತ್ತು ಮಾತನಾಡಿಸಿದರು. ಬೆಳಗಿನ ಜಾವದ ಎಚ್ಚರದ ಬಗ್ಗೆ ಕೇಳಿದಾಗ ನಾನು ಏಣುಗಳ ಲೆಕ್ಕ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, ‘ನಲವತ್ತಾರೇ?’ ಎಂದರು. ಆ ಇಡೀ ವರ್ಷದಲ್ಲಿ ನನ್ನ ಮಾತನ್ನು ಯಾರಾದರೂ ತಿರುಗಿ ಕೇಳಿದ್ದು ಅದೇ ಮೊದಲು. ಅಥವಾ ನಾನು ತಿರುಗಿ ಕೇಳುವಂಥ ಮಾತು ಆಡಿದ್ದೇ ಅದು ಮೊದಲು.

ನನ್ನ ನಾಚಿಕೆ ಕಂಡು ಅವರು ಎರಡು ಕತೆ ಹೇಳಿದರು. ಮೊದಲನೆಯದು ಸ್ವಿಟ್ಜರ್ಲೆಂಡಿನ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿಯದು. 1688ರಲ್ಲಿ ಅವನು ಊರು ಬಿಟ್ಟು ದೂರವಿದ್ದ ತನ್ನ ಜನರಲ್ಲಿ ಕಂಡ ಕೊರಗನ್ನು ಒಂದು ಕಾಯಿಲೆಯೆಂದೇ ಬರೆದು, ಗ್ರೀಕಿನ ‘ಮರಳುವಿಕೆ’ ಮತ್ತು ‘ನೋವು’ ಎಂಬ ಪದಗಳನ್ನು ಜೋಡಿಸಿ ನಾಸ್ಟಾಲ್ಜಿಯಾ ಎಂದು ಹೆಸರಿಟ್ಟ. ಇಂದು ಹಳೆಯ ಹಾಡು ಕೇಳಿದಾಗ ಬಳಸುವ ಆ ಪದ, 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಸೇನಾ ವೈದ್ಯಕೀಯ ದಾಖಲೆಗಳಲ್ಲಿ ರೋಗದ ಹೆಸರಾಗಿತ್ತು, ಸಾವಿನ ಕಾರಣವಾಗಿಯೂ ನಮೂದಾಗಿತ್ತು. ಎರಡನೆಯದು ಅಮೆರಿಕದ ಸೇನೆಯ ಜನರಲ್ ಪ್ಯಾಟನ್‌ನದು. ಎರಡನೆಯ ಮಹಾಯುದ್ಧದ ನಡುವೆ, 1943ರ ಆಗಸ್ಟಿನಲ್ಲಿ, ಇಟಲಿಯ ಸಿಸಿಲಿ ದ್ವೀಪದಲ್ಲಿ, ಸೇನಾ ಆಸ್ಪತ್ರೆಗೆ ಭೇಟಿ ಕೊಟ್ಟಾಗ ಗಾಯವಿಲ್ಲದ ಸೈನಿಕನೊಬ್ಬ ಕುಳಿತಿದ್ದನ್ನು ಕಂಡು ಹೇಡಿಯೆಂದು ಬೈದು ಕೆನ್ನೆಗೆ ಹೊಡೆದ. ಒಂದು ವಾರದಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿ ಇನ್ನೊಬ್ಬನಿಗೆ. ಮೊದಲು ಏಟು ತಿಂದವನಿಗೆ ಮಲೇರಿಯಾ ಇತ್ತು, ಭೇದಿಯೂ ಇತ್ತು. ಪ್ಯಾಟನ್‌ನ ಮೇಲಧಿಕಾರಿ ಐಸೆನ್‌ಹೋವರ್ ಕ್ಷಮೆ ಕೇಳಿಸಿದ. ‘ಅಷ್ಟು ದೊಡ್ಡ ಜನರಲ್‌ಗೇ ಕಾಯಿಲೆ ಗುರುತಿಸಲಾಗಲಿಲ್ಲ’ ಎಂದರು ವೈದ್ಯರು. ‘ನಿಮ್ಮ ಸೆಕ್ಷನ್ ಕಮಾಂಡರ್ ಗುರುತಿಸಲಿಲ್ಲ ಎಂದು ಕೊರಗಬೇಡಿ.’

ನಮ್ಮ ಸಣ್ಣ ತುಕಡಿಯ ಮುಖ್ಯಸ್ಥರಾದ ಆ ಸೆಕ್ಷನ್ ಕಮಾಂಡರ್ ಮಾತ್ರ ಗುರುತಿಸದೆ ಇದ್ದದ್ದಷ್ಟೇ ಅಲ್ಲ. ವಿಷಯ ತಿಳಿದ ಮೇಲೆ ರೋಲ್ ಕಾಲಿನಲ್ಲಿ, ನನ್ನ ಕಡೆ ನೋಡದೆ, ‘ಮೈಗಳ್ಳತನಕ್ಕೆ ಈಗ ಇಂಗ್ಲಿಷ್ ಹೆಸರುಗಳು ಬಂದಿವೆ’ ಎಂದರು. ಕೆಲವರು ನಕ್ಕರು. ಹಿಂದಿನ ದಿನದವರೆಗೆ ಎರಡರ ಪಾಳಿಗೆ ನನ್ನನ್ನು ಹೊಗಳುತ್ತಿದ್ದವರು ಅವರೇ. ಆ ಮಾತನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಬೇಕಾದ ತುರ್ತೂ ಕಾಣುತ್ತಿಲ್ಲ.

ಅದಕ್ಕಿಂತ ಕಷ್ಟವಾದದ್ದು ಬಂದೂಕು. ವೈದ್ಯರ ಚೀಟಿಯಲ್ಲಿ ಮೊದಲ ಸಾಲೇ ಅದು: ಆಯುಧ ಕೊಡಬಾರದು, ರಾತ್ರಿ ಪಹರೆ ಬೇಡ, ಒಬ್ಬನನ್ನೇ ಬಿಡಬಾರದು. ಸಂಜೆ ಎಲ್ಲರೂ ಶಸ್ತ್ರಾಗಾರದ ಕಿಟಕಿಯ ಮುಂದೆ ಸಾಲುಗಟ್ಟಿ ತಮ್ಮ ತಮ್ಮ ಬಂದೂಕಿನ ಸಂಖ್ಯೆ ಹೇಳಿ ಪಡೆಯುವಾಗ ನಾನು ಬರಿಗೈಯಲ್ಲಿ ಮರದ ಕೆಳಗೆ ನಿಂತಿದ್ದೆ. ತರಬೇತಿಯ ಮೊದಲ ದಿನದಿಂದ ಅದು ನಿನ್ನ ಕೈಯೇ ಎಂದು ಕಲಿಸಿರುತ್ತಾರೆ. ಕೈ ತೆಗೆದಂತೆಯೇ ಆಯಿತು. ಭುಜದ ಮೇಲೆ ಪಟ್ಟಿ ಇಲ್ಲದೆ ನಡೆಯುವಾಗ ಬಲಗೈಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಚೀಟಿಯ ಆ ಸಾಲು ಶಿಕ್ಷೆಯಲ್ಲ ಎಂದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಇಸ್ರೇಲಿನ ಸೇನೆಯ ಉದಾಹರಣೆ ಓದಿದಾಗ ಅರ್ಥವಾಯಿತು. ಅಲ್ಲಿ ಕಡ್ಡಾಯ ಸೇವೆಯ ಹುಡುಗರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ಬಂದೂಕನ್ನೂ ಒಯ್ಯುತ್ತಿದ್ದರು. 2006ರಲ್ಲಿ ನಿಯಮ ಬದಲಿಸಿ, ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಿ ಎಂದರು. ಆತ್ಮಹತ್ಯೆಗಳು ಸುಮಾರು ಶೇ 40ರಷ್ಟು ಇಳಿದವು. ಇಳಿದದ್ದು ಮುಖ್ಯವಾಗಿ ವಾರಾಂತ್ಯದ ಸಂಖ್ಯೆ, ವಾರದ ದಿನಗಳದ್ದು ಹೆಚ್ಚುಕಡಿಮೆ ಅಷ್ಟೇ ಇತ್ತು. ಶನಿವಾರ ಬಂದೂಕು ಕೈಗೆ ಸಿಗದವನು ಶಿಬಿರಕ್ಕೆ ಮರಳುವವರೆಗೆ ಕಾದು ಕುಳಿತಿರಲಿಲ್ಲ. ಶನಿವಾರ ಕಳೆಯಿತು, ಅವನು ಉಳಿದ. ಆ ಘಳಿಗೆಗೆ ಅಷ್ಟು ಆಯಸ್ಸು ಇಲ್ಲ. ಅದು ನಡೆಯುವಾಗ ಹಾಗೆ ಅನ್ನಿಸುವುದಿಲ್ಲ, ಅದಕ್ಕೇ ಬೇರೆ ಯಾರಾದರೂ ಬಂದೂಕನ್ನು ಎತ್ತಿಡಬೇಕು.

ನನ್ನನ್ನು ಉಗ್ರಾಣಕ್ಕೆ ಹಾಕಿದರು. ಕಂಬಳಿ ಎಣಿಸುವ ಕೆಲಸ. ಹತ್ತರ ಕಟ್ಟು, ಪ್ರತಿ ಕಟ್ಟಿಗೂ ಚೀಟಿ. ಎಣಿಸುವುದರಲ್ಲಿ ನಾನು ಆಗಲೇ ಪಳಗಿದ್ದೆ. ಔಷಧಿಯ ಮೊದಲ ವಾರ ವಾಕರಿಕೆ, ಬಾಯಿ ಒಣಗುವುದು, ಕೈಯಲ್ಲಿ ಸಣ್ಣ ನಡುಕ. ಗುಣ ಮಾತ್ರ ಏನೂ ಇಲ್ಲ. ಅಡ್ಡಪರಿಣಾಮ ಮೊದಲು ಬರುತ್ತದೆ, ಗುಣ ಕಾಣಲು ಕೆಲವು ವಾರ ಬೇಕು ಎಂದು ವೈದ್ಯರು ಮೊದಲೇ ಹೇಳಿದ್ದರು. ಹೇಳದಿದ್ದರೆ ನಾಲ್ಕನೆಯ ದಿನವೇ ಎಸೆದುಬಿಡುತ್ತಿದ್ದೆ. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ನುಂಗಬೇಕು, ತಾನೇ ನಿಲ್ಲಿಸಬಾರದು ಎಂದೂ ಹೇಳಿದ್ದರು. ವಾರಕ್ಕೊಮ್ಮೆ ಅವರ ಮುಂದೆ ಕೂರಬೇಕಿತ್ತು. ಮನೆಪಾಠವೂ ಇತ್ತು: ಮನಸ್ಸು ಬರಲಿ ಎಂದು ಕಾಯದೆ ದಿನಕ್ಕೊಂದು ಸಣ್ಣ ಕೆಲಸವನ್ನು ಹೊತ್ತು ಗೊತ್ತುಮಾಡಿ ಮಾಡುವುದು, ಮಾಡಿದ್ದನ್ನು ಬರೆಯುವುದು. ಆ ನೋಟ್‌ಬುಕ್ ಇನ್ನೂ ಇದೆ. ಮೊದಲ ಪುಟದಲ್ಲಿ ಇರುವುದಿಷ್ಟು: ‘ಸಂಜೆ 5. ಟ್ಯಾಂಕಿನವರೆಗೆ ನಡೆದೆ. ವಾಪಸು ಬಂದೆ.’

ಅಮ್ಮನಿಗೆ ನಾನೇ ಹೇಳಿದೆ, ಅಂಗೈಯಲ್ಲಿ ಏನೂ ಬರೆದುಕೊಳ್ಳದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಕಾಲುಚೀಲದ ದಿನವೇ ಕೇಳಬೇಕಾಗಿತ್ತು ನಾನು’ ಎಂದಳು. ಅವಳು ನೋಡಿದ್ದಳು. ಎಲ್ಲವನ್ನೂ ನೋಡಿದ್ದಳು.

ಔಷಧಿ ಶುರುವಾಗಿ ಆರನೆಯ ವಾರ ಇರಬೇಕು. ಉಗ್ರಾಣದಿಂದ ಮರಳಿದಾಗ ಪಕ್ಕದ ಮಂಚದವನು ರಜೆಗೆ ಹೊರಡುವ ಸಿದ್ಧತೆಯಲ್ಲಿದ್ದ. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು, ಊರಿಗೆ ಹಾಕಿಕೊಂಡು ಹೋಗುವ ಕಂದು ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದ. ಅವನ ಕೈಯಲ್ಲಿದ್ದ ಬ್ರಷ್ ನನ್ನದು. ಕುದುರೆ ಕೂದಲಿನ ತುದಿಯೆಲ್ಲ ಕೆಂಪಗಾಗಿತ್ತು. ಅದೂ ಸಾಲದೆಂದು ಒತ್ತಿ ಉಜ್ಜುತ್ತಿದ್ದ.

‘ಅದು ಕಪ್ಪಿಗೆ!’ ಎಂದು ಕಿರುಚಿದೆ.

ಬ್ಯಾರಕ್ಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಗಿತ್ತು. ಎಷ್ಟೋ ತಿಂಗಳಿಂದ ನನಗೆ ಯಾವುದರ ಮೇಲೂ ಸಿಟ್ಟು ಬಂದಿರಲಿಲ್ಲ, ಸೆಕ್ಷನ್ ಕಮಾಂಡರನ ಮಾತಿನ ಮೇಲೂ ಆಗ ಬಂದಿರಲಿಲ್ಲ. ಪಕ್ಕದ ಮಂಚದವನು ಇನ್ನೂ ಎರಡು ಸಲ ಸಾವಕಾಶವಾಗಿ ಉಜ್ಜಿದ.

‘ನನ್ನದು. ನೀನೇ ಕೊಟ್ಟದ್ದು’ ಎಂದ.

‘ಕೊಡು ಇಲ್ಲಿ.’

‘ಯಾವುದಕ್ಕೆ ಬೇಕಾದರೂ ಹಾಕಿಕೋ ಎಂದೆಯಲ್ಲ?’

ಕಿತ್ತುಕೊಂಡೆ. ಅವನು ಬಿಟ್ಟುಕೊಟ್ಟ. ಆಮೇಲೆ ಟ್ರಂಕಿನ ತಳಕ್ಕೆ ಕೈಹಾಕಿ ಟವೆಲಿನ ಗಂಟೊಂದನ್ನು ತೆಗೆದು ನನ್ನ ಮಂಚದ ಮೇಲೆ ಎಸೆದ. ಟಾರ್ಚು, ಉಗುರು ಕತ್ತರಿ, ಅಕ್ಕ ಕೊಟ್ಟ ಗಡಿಯಾರ. ನಾನು ಯಾರು ಯಾರಿಗೆ ಕೊಟ್ಟಿದ್ದೆನೋ ಅವರೆಲ್ಲರ ಬಳಿ ಹೋಗಿ ಅವನು ಮರುದಿನವೇ ವಸೂಲಿ ಮಾಡಿಟ್ಟಿದ್ದ. ಗಡಿಯಾರ ಪಡೆದವನು ಸುಲಭಕ್ಕೆ ಬಿಡಲಿಲ್ಲವಂತೆ, ತನ್ನ ಪಾಲಿನ ಎರಡು ಪಾಳಿ ಬದಲಾಯಿಸಿಕೊಡಬೇಕಾಯಿತಂತೆ.

ಬೇಕೆಂದೇ ಕಂದು ಹಚ್ಚಿದೆಯಾ ಎಂದು ಅನೇಕ ಸಲ ಕೇಳಿದ್ದೇನೆ. ಒಂದು ಸಲವೂ ಉತ್ತರ ಕೊಟ್ಟಿಲ್ಲ.

ಆ ರಾತ್ರಿ ನಲ್ಲಿಯ ಕಟ್ಟೆಯ ಮೇಲೆ ಕುಳಿತು ಬ್ರಷ್ಷನ್ನು ಸೋಪಿನ ನೀರಿನಲ್ಲಿ ಮೂರು ಸಲ ತೊಳೆದೆ. ಬೆರಳ ಸಂದಿಯಲ್ಲಿ ಕೆಂಪು ನೀರು ಇಳಿಯುತ್ತಲೇ ಇತ್ತು. ತೊಳೆಯುತ್ತ ಅವನನ್ನು ಬಾಯಿತುಂಬ ಬೈದೆ. ಅವನು ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ‘ಇನ್ನೂ ಜೋರಾಗಿ ಉಜ್ಜು, ಬೆನ್ನು ನೋವು ಬಂದರೆ ನನ್ನ ಹತ್ತಿರ ಎರಡು ಮಾತ್ರೆ ಉಳಿದಿವೆ’ ಎಂದ.